ಗಾರ್ಡ್, ನಾಲ್ಕು ವರ್ಷ ಬಾಕಿ

ಇಂದ,
ಆರ್ಡಿಸ್ ಕ್ಲಾಸೆನ್ (ತವರಿನ ಹೆಸರು ಹೋವ್‌ಲಂಡ್),
ವಯಸ್ಸು ೭೧, ಮುಂದಿನ ತಿಂಗಳಿಗೆ ೭೨,
ತಂಡದ ಬಟ್ಟೆ ಒಗೆಯುವವಳು ಹಾಗೂ ಸಂಜೆ ತರಗತಿಯ ವಿದ್ಯಾರ್ಥಿನಿ,
ಲಿಂಡನ್ ಪ್ರೇರಿ ಕಾಲೇಜು, ಅಯೋವಾ.

ಗೆ,
ಮಾನ್ಯ ಕಾರ್ಯದರ್ಶಿಗಳು,
ಅರ್ಹತಾ ಸಮಿತಿ,
ಬಯಲುನಾಡು ಕಾಲೇಜುಗಳ ಕ್ರೀಡಾ ಸಂಘ.

ದಿನಾಂಕ: ೧೦ ಫೆಬ್ರವರಿ ೨೦೨೫, ಸೋಮವಾರ.

ವಿಷಯ: ಬರುವ ಶನಿವಾರದ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಐದನೆಯವಳಾಗಿ ಆಡಲು ಅರ್ಜಿದಾರಳಿಗೆ ಅರ್ಹತೆ ಕೊಡುವ ಬಗ್ಗೆ.

ಉಲ್ಲೇಖ:
೧) ತಮ್ಮ ಕಚೇರಿಯ ಪತ್ರ, ದಿನಾಂಕ ೩ ಫೆಬ್ರವರಿ: "ಆಟಗಾರ್ತಿಯು ಬೇರೆ ಸಂಸ್ಥೆಯಿಂದ ವರ್ಗಾವಣೆಗೊಂಡವರಾದ ಕಾರಣ, ದಾಖಲೆಗಳು ಬರುವ ತನಕ ತಡೆಹಿಡಿಯಲಾಗಿದೆ."
೨) ತಮ್ಮ ಕಚೇರಿಯ ಶ್ರೀ ಲ್ಯಾಥಮ್ ಅವರೊಡನೆ ಫೋನಿನಲ್ಲಿ ನಡೆದ ಮಾತುಕತೆ, ಮೂರು ಸಲ.
೩) ಹಾಲ್ವರ್ಸನ್ ಕಾರ್ನರ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಪತ್ರ, ದಿನಾಂಕ ೧೧ ಜನವರಿ ೧೯೭೧.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರಬಯಸುವ ಸಂಗತಿಗಳು ಈ ಕೆಳಗಿನಂತಿವೆ. ಮುಂದೆ ತಕರಾರು ಬರಬಾರದೆಂಬ ಕಾರಣದಿಂದ, ಯಾರು ಏನೆಂದರೋ ಅದನ್ನು ಅವರ ಮಾತಿನಲ್ಲೇ ಬರೆಯಲಾಗಿದೆ.

೧. ಅರ್ಜಿದಾರಳು ಸದರಿ ಕಾಲೇಜಿನಲ್ಲಿ ಇಪ್ಪತ್ತೊಂದು ವರ್ಷಗಳಿಂದ ಮಹಿಳಾ ತಂಡದ ಬಟ್ಟೆ ಒಗೆದು, ಮಡಚಿ, ಹರಿದದ್ದನ್ನು ಹೊಲಿದು ಕೊಡುತ್ತಿರುವ ಕಾರಣ, ನೌಕರರಿಗೆ ಟರ್ಮಿಗೊಂದು ಪಾಠ ಪುಕ್ಕಟೆ ಎಂಬ ಸವಲತ್ತು ಇರುವ ಕಾರಣ, ಮತ್ತು ಐವತ್ತರ ಮೇಲೆ ಸಂಜೆ ಶಾಲೆಗೆ ಹೋಗಿ ಹೈಸ್ಕೂಲು ಮುಗಿಸಿದ ಚಪಲ ಅಷ್ಟಕ್ಕೇ ತೀರದ ಕಾರಣ, ಟರ್ಮಿಗೆ ಒಂದೊಂದೇ ಪಾಠ ಓದುತ್ತ ಬಂದಿದ್ದಾಳೆ. ಹನಿಗೂಡಿದರೆ ಹಳ್ಳ ಎನ್ನುತ್ತಾರೆ. ಈಗ ಪದವಿಗೆ ಒಂದೇ ಪಾಠ ಬಾಕಿ, ಅದು ಸಂಖ್ಯಾಶಾಸ್ತ್ರ. ಕೆಳಗೆ ಬರುವ ಕೂಡುವ ಕಳೆಯುವ ಲೆಕ್ಕದಲ್ಲಿ ತಪ್ಪಿದ್ದರೆ ಅದೇ ಕಾರಣವೆಂದು ತಿಳಿಯುವುದು.

೨. ಕಳೆದ ವಸಂತದಲ್ಲಿ ತಂಡದಲ್ಲಿ ಹದಿಮೂರು ಹುಡುಗಿಯರಿದ್ದರು. ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರ್ತಿಯರು ಹೆಸರು ಹಾಕುವ ವರ್ಗಾವಣೆ ಪೋರ್ಟಲ್ ಬಾಗಿಲು ತೆರೆಯಿತು. ಗಾಳಿ ಬಂದಾಗ ತೂರಿಕೋ ಎಂಬಂತೆ ಒಂಬತ್ತೇ ದಿನದಲ್ಲಿ ಎಂಟು ಜನ ಹೆಸರು ಹಾಕಿ ಹೊರಟರು. ತರಬೇತುದಾರರಾದ ಶ್ರೀಮತಿ ಪಾವೆಲ್ಕಾ ಅವರು ಬೇಸಿಗೆಯಿಡೀ ಫೋನು ಕಿವಿಯಿಂದ ಇಳಿಸದೆ, ಅದೇ ಪೋರ್ಟಲ್‌ನಿಂದ ಐವರನ್ನು ಕರೆತಂದರು. ಅವರಲ್ಲಿ ಇಬ್ಬರು ತರಗತಿ ಶುರುವಾಗುವ ಮೊದಲೇ ಇನ್ನೂ ದೊಡ್ಡ ಕಾಲೇಜು ಕರೆಯಿತೆಂದು ಪೆಟ್ಟಿಗೆ ಬಿಚ್ಚದೆಯೇ ವಾಪಸು ಹೋದರು. ಒಬ್ಬಳ ಮೊಣಕಾಲು ಹೋಯಿತು. ಡಿಸೆಂಬರಿನಲ್ಲಿ ಇಬ್ಬರು ಹೋದರು. ಜನವರಿಯಲ್ಲಿ ಒಬ್ಬಳು ರಸಾಯನಶಾಸ್ತ್ರದಲ್ಲಿ ಫೇಲಾದಳು. ಉಳಿದವರು ನಾಲ್ವರು.

ಅಂಗಿಯ ಬೆನ್ನ ಮೇಲೆ ಹೆಸರಿನ ಪಟ್ಟಿ ಹೊಲಿಯುವ ಕೆಲಸವೂ ಅರ್ಜಿದಾರಳದೇ. ಮೊದಲು ನಾಲ್ಕು ವರ್ಷ ಬಾಳಿಕೆ ಬರಲೆಂದು ಎರಡೆಳೆ ದಾರದಲ್ಲಿ ಹೊಲಿಯುತ್ತಿದ್ದಳು. ಹೋದ ವರ್ಷದಿಂದ ಟಿಚ್ ಬಟನ್ ಹಾಕುತ್ತಿದ್ದಾಳೆ. ಕೋಚ್ ನೋಡಿ, "ಏನ್ ಆರ್ಡಿಸ್, ಇದು? ಹುಡುಗೀರು ಬೇಜಾರು ಮಾಡ್ಕೊಳಲ್ವಾ?" ಎಂದರು. "ಬೇಜಾರು ಮಾಡ್ಕೊಳೋಷ್ಟು ದಿನ ಇದ್ರೆ ಹೊಲೀತೀನಿ ಕೋಚ್" ಎಂದು ಅರ್ಜಿದಾರಳು ಉತ್ತರಿಸಿರುತ್ತಾಳೆ.

೩. ಸಂಘದ ನಿಯಮದಂತೆ ಐವರನ್ನು ಅಂಗಣಕ್ಕಿಳಿಸಲಾಗದ ತಂಡ ಆ ಪಂದ್ಯ ಸೋತಂತೆ. ಹಾಗೆ ಮೂರು ಸಲ ಆದರೆ ತಂಡವೇ ಋತುವಿನಿಂದ ರದ್ದು, ಮತ್ತು ಆಡದಿದ್ದರೂ ಹುಡುಗಿಯರ ಆ ವರ್ಷ ಖರ್ಚಾದಂತೆ. ನಮ್ಮದು ಎರಡು ಸಲ ಆಗಿದೆ. ಶನಿವಾರದ್ದು ಮೂರನೆಯದು.

ಉಳಿದ ನಾಲ್ವರಲ್ಲಿ ಶಾನಿಸ್ ಬೋಲ್ಡನ್ ಎಂಬವಳಿಗೆ ಇದು ಕೊನೆಯ ವರ್ಷ. ವಾಟರ್‌ಲೂ ಊರಿನ ಹುಡುಗಿ, ನಾಲ್ಕು ವರ್ಷಕ್ಕೆ ಮೂರು ಕಾಲೇಜು. ಇಲ್ಲಿಗೆ ಬಂದ ಮೇಲೂ "ಇವಳು ಪದೇ ಪದೇ ವರ್ಗಾವಣೆ ಆದವಳು" ಎಂದು ತಮ್ಮ ಸಮಿತಿಯವರು ಡಿಸೆಂಬರಿನ ತನಕ ಬೆಂಚಿನ ಮೇಲೆ ಕೂರಿಸಿದ್ದು ತಮಗೆ ನೆನಪಿರಬಹುದು. ಆಡಲು ಬಿಟ್ಟ ಮೇಲೆ ಆರು ಪಂದ್ಯ ಆಡಿದ್ದಾಳೆ. ತಂಡ ರದ್ದಾದರೆ ಅಷ್ಟೇ ಅವಳ ಪಾಲಿಗೆ. ಮುಂದೆ ಆಟವಿಲ್ಲ.

ಎರಡನೇ ಸಲ ಪಂದ್ಯ ಬಿಟ್ಟುಕೊಟ್ಟ ದಿನ ಅವಳು ಬಟ್ಟೆ ಒಗೆಯುವ ಕೋಣೆಗೆ ಬಂದು, ಓಡುತ್ತಿದ್ದ ಯಂತ್ರದ ಮೇಲೆ ಹತ್ತಿ ಕೂತಳು. ಅಂಗಿ ಬೆವರಿರಲಿಲ್ಲ, ಆದರೂ ಒಗೆಯಲು ಕೊಟ್ಟಳು.

"ಅಜ್ಜೀ, ಸುಮ್ನೆ ಕೇಳ್ತೀನಿ. ನೀನು ಒಂದು ಟರ್ಮಲ್ಲಿ ಯಾವತ್ತಾದ್ರೂ ಪೂರ್ತಿ ಪಾಠ ತಗೊಂಡಿದೀಯಾ?"

"ಎಲ್ಲೀದು? ಒಂದಕ್ಕಿಂತ ಜಾಸ್ತಿ ತಗೊಂಡ್ರೆ ನಿಮ್ ಕಾಲುಚೀಲ ಯಾರು ಒಗೀತಾರೆ?"

ಹುಡುಗಿ ಯಂತ್ರದಿಂದ ಕೆಳಗೆ ಹಾರಿದಳು. ಎರಡು ಸಲ ವರ್ಗಾವಣೆ ಅರ್ಜಿ ಬರೆದವರಿಗೆ ನಿಯಮಪುಸ್ತಕ ವಕೀಲರಿಗಿಂತ ಚೆನ್ನಾಗಿ ಬಾಯಿಪಾಠವಾಗಿರುತ್ತದೆ. "ಅಜ್ಜೀ! ಐದು ವರ್ಷದೊಳಗೆ ನಾಲ್ಕು ವರ್ಷ ಆಡ್ಬೋದು ಅನ್ನೋ ಲೆಕ್ಕ ಶುರುವಾಗೋದು ಪೂರ್ತಿ ಪಾಠ ತಗೊಂಡ ದಿನದಿಂದ. ನಿನ್ ಗಡಿಯಾರ ಶುರುವೇ ಆಗಿಲ್ಲ!"

ಎಪ್ಪತ್ತೊಂದು ವರ್ಷದಲ್ಲಿ ಅರ್ಜಿದಾರಳಿಗೆ ಯಾರೂ ಇಂಥ ಮಾತು ಹೇಳಿರಲಿಲ್ಲವಾದ ಕಾರಣ, ಅವಳು ಅದೇ ಬಟ್ಟೆಗೆ ಸಾಬೂನು ಪುಡಿಯನ್ನು ಎರಡು ಸಲ ಹಾಕಿದಳು.

೪. ಕ್ಯಾಂಪಸ್ಸಿನ ಬೇರೆ ಯಾವ ಹುಡುಗಿಯನ್ನಾದರೂ ಸೇರಿಸಿಕೊಳ್ಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅಕ್ಟೋಬರ್ ಒಂದರೊಳಗೆ ತಂಡದ ಹಾಳೆಯಲ್ಲಿ ಹೆಸರಿದ್ದವರು ಮಾತ್ರ ಆಡತಕ್ಕದ್ದು ಎಂದು ತಮ್ಮ ನಿಯಮವಿದೆ. ಅರ್ಜಿದಾರಳ ಹೆಸರು ಸದರಿ ಹಾಳೆಯಲ್ಲಿ ಇದೆ. ಕಟ್ಟಕಡೆಯಲ್ಲಿ, "ಬಟ್ಟೆ" ಎಂಬ ಶೀರ್ಷಿಕೆಯ ಕೆಳಗೆ ಇದೆ. ಆದರೆ ಇದೆ. ಕೊನೆಯ ಟರ್ಮಿನಲ್ಲಿ ಬಾಕಿ ಪಾಠವನ್ನಷ್ಟೇ ಓದುವವರನ್ನು ಪೂರ್ಣ ವಿದ್ಯಾರ್ಥಿ ಎಂದೇ ಎಣಿಸಬೇಕೆಂದೂ ಮುಂದಿನ ಪುಟದಲ್ಲಿದೆ. ಆದ್ದರಿಂದ ಈ ಎರಡು ಬಾಬತ್ತಿನಲ್ಲಿ ತಕರಾರು ಇರಲಾರದು.

೫. ಇನ್ನು ತಾವು ತಕರಾರು ತೆಗೆದಿರುವ ವಿಷಯ. ಅರ್ಜಿದಾರಳು ಫಾರಂ ತುಂಬುವಾಗ "ಹಿಂದೆ ಎಲ್ಲಾದರೂ ಆಡಿದ್ದೀರಾ" ಎಂಬಲ್ಲಿ, ಸುಳ್ಳು ಬರೆದು ಅಭ್ಯಾಸವಿಲ್ಲದ ಕಾರಣ, "ಹೌದು, ಹಾಲ್ವರ್ಸನ್ ಕಾರ್ನರ್ ಹೈಸ್ಕೂಲು, ಗಾರ್ಡ್" ಎಂದು ಬರೆದಳು. ಅದರಿಂದಲೇ ಎಲ್ಲ ಕೆಟ್ಟಿತು. ಹಾಗಾದರೆ ಇವರು ವರ್ಗಾವಣೆಗೊಂಡವರು, ಪೋರ್ಟಲ್‌ನಲ್ಲಿ ಹೆಸರು ಹಾಕಬೇಕು, ಹಳೆಯ ಸಂಸ್ಥೆಯ ಬಿಡುಗಡೆ ಪತ್ರ ತರಬೇಕು, ಬಿಟ್ಟ ಕಾರಣ ತಿಳಿಸಬೇಕು ಎಂದು ತಮ್ಮ ಪತ್ರ ಬಂತು.

ಬಿಟ್ಟ ಕಾರಣ ಎಂಬ ಅಂಕಣದಲ್ಲಿ ಆರು ಉತ್ತರ ಕೊಟ್ಟಿದ್ದರು. ಕೋಚ್ ಬದಲಾದರು, ಆಟಕ್ಕೆ ಅವಕಾಶ ಸಿಗಲಿಲ್ಲ, ಮನೆಗೆ ದೂರ, ಹೀಗೆ. ಯಾವುದೂ ಹೊಂದಲಿಲ್ಲ. ಏಳನೆಯ ಖಾಲಿ ಜಾಗದಲ್ಲಿ ಅರ್ಜಿದಾರಳು "ವೆಂಡೆಲ್" ಎಂದು ಬರೆದಳು. ಶ್ರೀ ಲ್ಯಾಥಮ್ ಫೋನು ಮಾಡಿದರು.

"ಮೇಡಂ, ವೆಂಡೆಲ್ ಅಂದ್ರೆ ನಿಮ್ಮ ಹಳೇ ಕೋಚಾ?"

"ಅಲ್ಲಪ್ಪ, ಯಜಮಾನ್ರು."

ವಿವರ ಏನೆಂದರೆ, ಅರ್ಜಿದಾರಳೂ ವೆಂಡೆಲ್ ಕ್ಲಾಸೆನ್ ಅವರೂ ಒಂದೇ ತರಗತಿ. ೧೯೭೦ರ ಡಿಸೆಂಬರಿನಲ್ಲಿ, ಇಬ್ಬರಿಗೂ ಹದಿನೇಳು ನಡೆಯುತ್ತಿದ್ದಾಗ, ಮಗು ಬರುವುದಿದ್ದ ಕಾರಣ, ಲುಥರನ್ ಚರ್ಚಿನಲ್ಲಿ ಮದುವೆಯಾಯಿತು. ಜನವರಿ ಹನ್ನೊಂದಕ್ಕೆ ಮುಖ್ಯೋಪಾಧ್ಯಾಯರ ಪತ್ರ ಬಂತು: "ವಿವಾಹಿತ ವಿದ್ಯಾರ್ಥಿನಿಯರು ತಂಡದಲ್ಲಿ ಆಡಲು ಅನರ್ಹರು." ಆ ವರ್ಷ ನಮ್ಮ ತಂಡ ಜಿಲ್ಲೆಗೆ ಮೊದಲಿತ್ತು. ಮಗು ಬರಲು ಇನ್ನೂ ಐದು ತಿಂಗಳಿತ್ತು. ಅರ್ಜಿದಾರಳು ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ ವಾಪಸು ಕೊಟ್ಟಳು.

ಅದೇ ದಿನ, ಅದೇ ಚರ್ಚಿನಲ್ಲಿ, ಅದೇ ಪಾದ್ರಿಯ ಮುಂದೆ ಮದುವೆಯಾದ ವೆಂಡೆಲ್ ಅವರು ಹುಡುಗರ ತಂಡದಲ್ಲಿ ಮಾರ್ಚ್ ತನಕ ಆಡಿದರು. ಅರ್ಜಿದಾರಳಿಗೆ ಈ ಬಗ್ಗೆ ದೂರೇನೂ ಇಲ್ಲ. ಮಾಹಿತಿಗಾಗಿ ನಮೂದಿಸಿದೆ.

ಫಾರಂ ಮೇಲೆ ತಮ್ಮ ಹೆಸರು ನೋಡಿ ವೆಂಡೆಲ್ ಕನ್ನಡಕ ತೆಗೆದರು. "ಐವತ್ನಾಲ್ಕು ವರ್ಷ ಆಯ್ತಲ್ಲೇ. ಇನ್ನೂ ನನ್ ಮೇಲೇ ಹೊರಿಸ್ತೀಯಾ?"

"ನಾನೆಲ್ಲಿ ಹೊರಿಸ್ದೆ? ಫಾರಂ ಕೇಳ್ತಿದೆ, ಬರೆದೆ."

"ಒಂದು ಸಾಲು ಜಾಸ್ತಿ ಬರಿ. ನಾನೂ ಆಡ್ಬಾರ್ದಿತ್ತು ಅಂತ ಬರಿ." ಹೀಗೆಂದು ಅವರು ಕೊಟ್ಟಿಗೆಯ ಕಡೆ ಹೋದರು. ಸಾಲನ್ನು ಬರೆದಿದೆ.

೬. ಬಿಡುಗಡೆ ಪತ್ರದ ಬಗ್ಗೆ. ಹಾಲ್ವರ್ಸನ್ ಕಾರ್ನರ್ ಹೈಸ್ಕೂಲು ೧೯೮೭ರಲ್ಲಿ ಮುಚ್ಚಿತು. ಆ ಕಟ್ಟಡದಲ್ಲಿ ಈಗ ಡುವೇನ್ ಎಂಬವರ ಹಂದಿ ಆಹಾರದ ಅಂಗಡಿಯಿದೆ. ಶ್ರೀ ಲ್ಯಾಥಮ್ ಅವರಿಗೆ ಇದನ್ನು ತಿಳಿಸಿದಾಗ, "ಸಂಸ್ಥೆ ಇಲ್ದೇ ಇದ್ರೆ, ಅದರ ಜಾಗ ಈಗ ಯಾರ ಕೈಯಲ್ಲಿದೆಯೋ ಅವರ ಸಹಿ ಆದ್ರೂ ಬೇಕು ಮೇಡಂ, ಫೈಲಲ್ಲಿ ಒಂದು ಕಾಗದ ಇರ್ಬೇಕು" ಎಂದರು. ಆದ್ದರಿಂದ ಅರ್ಜಿದಾರಳು ಶುಕ್ರವಾರ ಅಲ್ಲಿಗೆ ಹೋದಳು.

ಡುವೇನ್ ಗಲ್ಲಾದ ಹಿಂದಿನಿಂದ, "ಬಿಡುಗಡೆನಾ? ನಾನೇನು ಹಿಡ್ಕೊಂಡಿದೀನಾ ನಿಮ್ಮನ್ನ?" ಎಂದು ಕೇಳಿದರು.

"ನೀನು ಹಿಡ್ಕೊಂಡಿಲ್ಲಪ್ಪ. ಹಿಡ್ಕೊಂಡಿಲ್ಲ ಅಂತ ಬರ್ಕೊಡು."

ಬರೆದು ಕೊಟ್ಟರು. ಅಂಗಡಿಯ ರಸೀದಿ ಕಾಗದದ ಮೇಲೆ ಬರೆದಿರುವ ಕಾರಣ, ಮೇಲ್ಭಾಗದಲ್ಲಿ ಹಂದಿಯ ಚಿತ್ರವಿದೆ. ಅದನ್ನು ಶಾಲೆಯ ಮುದ್ರೆ ಎಂದು ಭಾವಿಸಬಾರದಾಗಿ ವಿನಂತಿ.

೭. ಪೋರ್ಟಲ್‌ನಲ್ಲಿ ಅರ್ಜಿದಾರಳ ಹೆಸರನ್ನು ಮಂಗಳವಾರ ಹಾಕಲಾಯಿತು. ಪೋರ್ಟಲ್ ವಯಸ್ಸು ಕೇಳುವುದಿಲ್ಲ. ಅದರಲ್ಲಿ ಕಂಡದ್ದು ಇಷ್ಟೇ: "ಆರ್ಡಿಸ್ ಕ್ಲಾಸೆನ್, ಗಾರ್ಡ್, ಐದಡಿ ಆರಂಗುಲ, ನಾಲ್ಕು ವರ್ಷ ಬಾಕಿ." ಎತ್ತರ ಹಳೆಯ ಶಾಲೆಯ ಕಾರ್ಡಿನದು, ಈಚೆಗೆ ಅಳೆದಿಲ್ಲ. ಸಂಜೆಯೊಳಗೆ ಮೂರು ಕಾಲೇಜುಗಳಿಂದ ಫೋನು ಬಂತು. ಹುಡುಗಿಯರು ಬಟ್ಟೆ ಕೋಣೆಯಲ್ಲಿ ಸುತ್ತ ನಿಂತು ಬಾಯಿಗೆ ಟವೆಲು ಒತ್ತಿಕೊಂಡು ಕೇಳಿದರು.

ನೆಬ್ರಾಸ್ಕಾದ ಕಾಲೇಜೊಂದರ ಸಹಾಯಕ ಕೋಚ್, ಕೋಡಿ ರಾಸ್ಮುಸೆನ್ ಎಂಬ ತರುಣ, ಬಹಳ ಕಕ್ಕುಲಾತಿಯಿಂದ ಮಾತಾಡಿದನು. "ಆರ್ಡಿಸ್, ಹಳೇ ತಂಡದಲ್ಲಿ ನಿನಗೆ ಅನ್ಯಾಯ ಆಯ್ತಾ? ನನ್ನ ಹತ್ರ ಮುಚ್ಚಿಡ್ಬೇಡ."

"ಋತುವಿನ ಮಧ್ಯೆ ತೆಗೆದ್ಬಿಟ್ರಪ್ಪ."

"ಛೆ! ನೋವಾಗಿರ್ಬೇಕು."

"ಈಗ ಪರವಾಗಿಲ್ಲ."

"ದನಿ ಕೇಳಿದ್ರೆ ಶೀತ ಆದಂಗಿದೆ. ಬಿಸಿನೀರು ಕುಡಿ. ಗುರುವಾರ ನಾನೇ ಬರ್ತೀನಿ. ಮನೇಲಿ ದೊಡ್ಡೋರನ್ನೂ ನೋಡಿದಂಗಾಯ್ತು."

ಗುರುವಾರ ಹಿಮದಲ್ಲಿ ಮೂರು ಗಂಟೆ ಕಾರು ಓಡಿಸಿಕೊಂಡು, ತನ್ನ ಕಾಲೇಜಿನ ಟೋಪಿಯೊಂದನ್ನು ಉಡುಗೊರೆಯಾಗಿ ಹಿಡಿದುಕೊಂಡು ಬಾಗಿಲಲ್ಲಿ ನಿಂತನು.

"ನಮಸ್ಕಾರ ಅಜ್ಜಿ. ಆರ್ಡಿಸ್ ಇದಾಳಾ?"

"ನಾನೇ."

"ಅಲ್ಲಜ್ಜಿ, ಆಡೋ ಆರ್ಡಿಸ್."

"ಅದೂ ನಾನೇ. ಕಾಲು ಒರೆಸ್ಕೊಂಡು ಒಳಗ್ ಬಾ."

ಒಳಗೆ ಬಂದು ಊಟಕ್ಕೆ ಕೂತನು. ದನದ ಮಾಂಸ, ಆಲೂಗೆಡ್ಡೆ ಹಾಕಿ ಓವನ್ನಿನಲ್ಲಿ ಮಾಡಿದ್ದನ್ನು ಬಡಿಸಿದ ಮೇಲೆ ಎರಡು ಸಲ ಹಾಕಿಸಿಕೊಂಡನು, ರೂಬಾರ್ಬ್ ಎಂಬ ಹುಳಿದಂಟಿನ ಪೈ ಬೇರೆ. ವೆಂಡೆಲ್ ಎದುರಿಗೆ ಕೂತು, "ನಿಮ್ ಕಾಲೇಜಲ್ಲಿ ಮದುವೆ ಆದೋರನ್ನ ಆಡಿಸ್ತೀರೇನಪ್ಪ?" ಎಂದು ವಿಚಾರಿಸಿದರು. ಹುಡುಗ ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು, ದನಿ ತಗ್ಗಿಸಿ, "ಅಜ್ಜಿ, ನಿಜ ಹೇಳ್ತೀನಿ, ನಮ್ಮಲ್ಲೂ ಉಳಿದಿರೋದು ಆರೇ ಜನ. ಇಲ್ಲಿ ಆಗ್ಲಿಲ್ಲ ಅಂದ್ರೆ ಫೋನ್ ಮಾಡಿ" ಎಂದನು. ಟೋಪಿ ಬಿಟ್ಟು ಹೋದನು.

ನೆರೆರಾಜ್ಯದ ಕಾಲೇಜೊಂದು ಬೇಕೆಂದು ಕೇಳಿದ ಆಟಗಾರ್ತಿಯನ್ನು ಸ್ವಂತ ಸಂಘವೇ ಬೇಡವೆನ್ನುವುದು ಸೂಕ್ತವೇ ಎಂಬುದನ್ನು ತಮ್ಮ ವಿವೇಚನೆಗೆ ಬಿಡಲಾಗಿದೆ.

೮. ಶಾಲೆ ಬಿಟ್ಟ ಮೇಲೆ "ಸಂಘಟಿತ ಆಟ" ಆಡಿದ ಒಂದೊಂದು ವರ್ಷಕ್ಕೂ ಒಂದೊಂದು ವರ್ಷ ಕಳೆಯುತ್ತದೆಂದು ಶ್ರೀ ಲ್ಯಾಥಮ್ ಎರಡನೇ ಫೋನಿನಲ್ಲಿ ಎಚ್ಚರಿಸಿದರು. ೧೯೮೩ರ ಬೇಸಿಗೆಯಲ್ಲಿ ಚರ್ಚಿನ ವನಭೋಜನದಲ್ಲಿ ಪಕ್ಕದ ಚರ್ಚಿನ ಮೆಥಡಿಸ್ಟರ ಮೇಲೆ ಆಡಿದ್ದನ್ನು ಅರ್ಜಿದಾರಳು ಒಪ್ಪಿಕೊಂಡಳು.

"ಅಂಕ ಬರೆದಿಟ್ಟಿದ್ರಾ ಮೇಡಂ?"

"ಮೆಥಡಿಸ್ಟರು ಬರ್ಕೊಂಡಿರ್ಬೋದು. ಗೆದ್ದೋರು ಅವರು."

"ತೀರ್ಪುಗಾರರು ಇದ್ರಾ? ಶಿಳ್ಳೆ?"

"ಪಾದ್ರಿಗಳು ಒಂದ್ಸಲ ಶಿಳ್ಳೆ ಹಾಕಿದ್ರು. ಜೋಳ ಬೆಂದಿದೆ ಬನ್ನಿ ಅಂತ."

ಅವರು ಬಹಳ ಹೊತ್ತು ಏನೋ ಬರೆದುಕೊಂಡರು. ಶಿಳ್ಳೆ ಊಟಕ್ಕೆಂಬುದನ್ನು ಇಲ್ಲಿ ಲಿಖಿತವಾಗಿ ದೃಢೀಕರಿಸಿದೆ. ಅಲ್ಲದೆ ೧೯೭೦ರಲ್ಲಿ ಜಿಲ್ಲಾ ಪಂದ್ಯ ಗೆದ್ದಾಗ ಊರಿನ ಕಸಾಯಿಯವರು ತಂಡದ ಪ್ರತಿ ಹುಡುಗಿಗೂ ಒಂದೊಂದು ಹಂದಿತೊಡೆ ಕೊಟ್ಟದ್ದುಂಟು; ಆಟಕ್ಕೆ ಪ್ರತಿಫಲ ಪಡೆಯಬಾರದೆಂಬ ಕಾಲ ಅದು. ಈಗಿನ ಹುಡುಗಿಯರು ತಮ್ಮ ಹೆಸರು ಮುಖ ಜಾಹೀರಾತಿಗೆ ಕೊಟ್ಟು ಕಾರು ಪಡೆಯಬಹುದಂತೆ. ಆದ ಕಾರಣ ಹಂದಿತೊಡೆಯನ್ನು ಮನ್ನಿಸಬೇಕು. ಅದನ್ನು ಅರ್ಜಿದಾರಳ ಅಣ್ಣತಮ್ಮಂದಿರು ತಿಂದರು.

೯. ಸಮಿತಿಯಿಂದ ಏನನ್ನೂ ಮುಚ್ಚಿಡಬಾರದೆಂಬ ಕಾರಣಕ್ಕೆ ಅರ್ಜಿದಾರಳ ಆಟದ ಕೊರತೆಯನ್ನೂ ತಿಳಿಸತಕ್ಕದ್ದಾಗಿದೆ. ನಮ್ಮ ಕಾಲದ ಅಯೋವಾದಲ್ಲಿ ಹುಡುಗಿಯರದು ಆರಾರು ಜನರ ಆಟ. ಮೂವರು ಗಾರ್ಡುಗಳು ಅರ್ಧ ಅಂಗಣದಲ್ಲಿ ಎದುರಾಳಿಯನ್ನು ತಡೆಯಬೇಕು, ಮೂವರು ಇನ್ನರ್ಧದಲ್ಲಿ ಚೆಂಡನ್ನು ಬುಟ್ಟಿಗೆ ಹಾಕಬೇಕು. ನಡುಗೆರೆ ಯಾರೂ ದಾಟುವಂತಿಲ್ಲ. ಚೆಂಡನ್ನು ಎರಡೇ ಸಲ ಪುಟಿಸಬೇಕು.

ಮೊದಲ ದಿನ ಅಭ್ಯಾಸಕ್ಕೆ ಇಳಿದಾಗ, ಶಾನಿಸ್ ಚೆಂಡು ಕೊಟ್ಟಳು. ಅರ್ಜಿದಾರಳು ಎರಡು ಸಲ ಪುಟಿಸಿ, ಓಡಿ, ನಡುಗೆರೆಗೆ ಬಂದು ನಿಂತುಬಿಟ್ಟಳು.

"ಬಾ ಅಜ್ಜೀ, ಯಾಕೆ ನಿಂತೆ? ದಾರಿ ಖಾಲಿ ಇದೆ!"

"ಗೆರೆ ಕಣೇ."

"ಗೆರೆ ಇದ್ರೇನಂತೆ?"

ಅರ್ಜಿದಾರಳ ಕಾಲಿಗೆ ಮಾತ್ರ ಗೊತ್ತಿತ್ತು. ಶಾನಿಸ್ ಬಂದು ಕೈಹಿಡಿದು, ಮಗುವನ್ನು ರಸ್ತೆ ದಾಟಿಸುವಂತೆ ದಾಟಿಸಿದಳು. ಮೂರನೇ ದಿನಕ್ಕೆ ತಾನಾಗಿಯೇ ದಾಟಿದಳಾದರೂ, ದಾಟುವಾಗ ಕಿವಿ ಈಗಲೂ ಶಿಳ್ಳೆಗೆ ಕಾಯುತ್ತದೆ. ಅರ್ಜಿದಾರಳು ತನ್ನ ಜೀವಮಾನದಲ್ಲಿ ಯಾವ ಶಾಲೆಯ ಪಂದ್ಯದಲ್ಲೂ ಒಂದು ಸಲವೂ ಬುಟ್ಟಿಗೆ ಚೆಂಡೆಸೆದವಳಲ್ಲ. ಎಸೆಯಬೇಕೆಂಬ ಆಸೆ ಈ ಅರ್ಜಿಯ ವಿಷಯವಲ್ಲ.

ತಡೆಯುವುದರಲ್ಲಿ ಕೊರತೆಯಿಲ್ಲ. "ಅಜ್ಜೀ, ಮೊಣಕೈ ತೆಗಿ, ಪಕ್ಕೆ ಹೋಯ್ತು!" ಎಂದು ಶಾನಿಸ್ ಕೂಗಿದ್ದಕ್ಕೆ ನಾಲ್ವರೂ ಸಾಕ್ಷಿ. ಕೋಚ್ ಪಾವೆಲ್ಕಾ ಅವರು ಅಂಗಣದ ಬದಿಯಲ್ಲಿ ಕೂತು ನಗುತ್ತಿದ್ದರು, ಆಮೇಲೆ ನೋಡಿದರೆ ಟವೆಲಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. "ಆರ್ಡಿಸ್, ನೀವು ಓಡೋದೇ ಬೇಡ. ಶನಿವಾರ ಐದನೆಯವರಾಗಿ ನಿಂತ್ಕೊಂಡ್ರೆ ಸಾಕು" ಎಂದರು. ನಿಂತುಕೊಳ್ಳಲು ತಾನು ಬಂದಿಲ್ಲವೆಂದು ಅರ್ಜಿದಾರಳು ವಿನಯದಿಂದ ತಿಳಿಸಿದಳು.

೧೦. ಆರೋಗ್ಯದ ಬಗ್ಗೆ. ವೈದ್ಯರ ಪತ್ರ ಲಗತ್ತಿಸಿದೆ. ಅರವತ್ತಕ್ಕೆ ಅರಳು ಮರಳು ಎನ್ನುವವರಿದ್ದಾರೆ. ಆ ಗಂಡ ದಾಟಿ ಹನ್ನೊಂದು ವರ್ಷವಾಯಿತು. ಎಡ ಮೊಣಕಾಲು ೨೦೧೯ರಲ್ಲಿ ಹಾಕಿದ್ದು. ತಂಡದ ಯಾವ ಮೊಣಕಾಲಿಗಿಂತಲೂ ಅದಕ್ಕೆ ವಯಸ್ಸು ಕಡಿಮೆ.

ಆದ್ದರಿಂದ, ಮೇಲೆ ಹೇಳಿದ ಎಲ್ಲ ಕಾರಣಗಳಿಂದ, ಅರ್ಜಿದಾರಳು ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು: ೧೯೭೧ರಲ್ಲಿ ಅನರ್ಹಳೆಂದವರ ಕಾಗದ ಒಂದು, ೨೦೨೫ರಲ್ಲಿ ತಡೆಹಿಡಿದವರ ಕಾಗದ ಒಂದು, ಎರಡೂ ಒಂದೇ ಕವರಿನಲ್ಲಿವೆ. ಒಂದನ್ನು ತಿದ್ದುವವರು ಈಗ ಯಾರೂ ಉಳಿದಿಲ್ಲ. ಇನ್ನೊಂದನ್ನು ತಾವು ತಿದ್ದಬಹುದು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಈ ನಾಲ್ವರು ಹುಡುಗಿಯರ ಜೊತೆ ಐದನೆಯವಳಾಗಿ ಇಳಿಯಲು ಅನುಮತಿ ದಯಪಾಲಿಸಬೇಕು. ಶಾನಿಸ್ ಬೋಲ್ಡನ್‌ಳ ಕೊನೆಯ ವರ್ಷ ಕಾಗದದಲ್ಲಿ ಮುಗಿಯದೆ ಅಂಗಣದಲ್ಲಿ ಮುಗಿಯಬೇಕು. ಅವಳ ಅಂಗಿಯ ಟಿಚ್ ಬಟನ್ ಬಿಚ್ಚಿ, ಹೆಸರಿನ ಪಟ್ಟಿಯನ್ನು ನಿನ್ನೆ ಎರಡೆಳೆ ದಾರದಲ್ಲಿ ಹೊಲಿದು ಆಗಿದೆ ಎಂಬುದನ್ನೂ ಗಮನಿಸುವುದು.

ತೊಂದರೆಗೆ ಕ್ಷಮೆ ಕೋರುತ್ತ, ಶನಿವಾರವನ್ನೇ ನೋಡುತ್ತಿರುವ,

ತಮ್ಮ ವಿಶ್ವಾಸಿ,
ಆರ್ಡಿಸ್ ಕ್ಲಾಸೆನ್
(ಗಾರ್ಡ್)

ಲಗತ್ತುಗಳು:
೧. ಮುಖ್ಯೋಪಾಧ್ಯಾಯರ ೧೯೭೧ರ ಪತ್ರ, ಅಸಲು. ಓದಿ ಹಿಂತಿರುಗಿಸಬೇಕಾಗಿಲ್ಲ.
೨. ಡುವೇನ್ ಅವರ ಬಿಡುಗಡೆ ಪತ್ರ (ಹಂದಿಯ ಚಿತ್ರ ಸಹಿತ).
೩. ವೈದ್ಯರ ಪತ್ರ, ಮೊಣಕಾಲಿನ ಖಾತರಿ ಚೀಟಿ.
೪. ಸಂಖ್ಯಾಶಾಸ್ತ್ರ ಉಪನ್ಯಾಸಕರ ಹಾಜರಾತಿ ಪತ್ರ. ಅಂಕಗಳನ್ನು ಕೇಳಿಲ್ಲವಾದ್ದರಿಂದ ಕಳಿಸಿಲ್ಲ.
೫. ನಾಲ್ವರು ಹುಡುಗಿಯರ ಸಹಿ.

ವಿ.ಸೂ.: ತಮ್ಮದೇ ನಿಯಮ ೧೯(೪)ರಂತೆ, ಪೂರ್ತಿ ದಾಖಲೆ ಸಲ್ಲಿಸಿದ ಆಟಗಾರ್ತಿಯ ಹೆಸರು ನಿರಾಕರಣೆಯ ಪತ್ರ ಅವಳ ಕೈಸೇರುವ ತನಕ ಪಟ್ಟಿಯಲ್ಲಿರತಕ್ಕದ್ದು; ಶಾನಿಸ್ ಪುಟ ತೋರಿಸಿದ್ದಾಳೆ. ಆದ ಕಾರಣ, ಒಪ್ಪಿಗೆಯಾದರೆ ದಯವಿಟ್ಟು ಕೋಚ್ ಪಾವೆಲ್ಕಾ ಅವರಿಗೆ ಫೋನು ಮಾಡಿ ತಿಳಿಸುವುದು. ನಿರಾಕರಣೆಯಾದರೆ ಅವಸರವಿಲ್ಲ, ಅರ್ಜಿದಾರಳ ಮನೆ ವಿಳಾಸಕ್ಕೆ ಸಾಧಾರಣ ಅಂಚೆಯಲ್ಲಿ ಕಳಿಸಿದರೆ ಸಾಕು. ನಮ್ಮ ಅಂಚೆಪೆಟ್ಟಿಗೆಯ ಬಾಗಿಲು ನಿನ್ನೆಯಿಂದ ಮಂಜು ಹಿಡಿದು ತೆರೆಯದಾಗಿದೆ. ಭಾನುವಾರದ ತನಕ ತೆರೆಯುವುದಿಲ್ಲವೆಂದು ವೆಂಡೆಲ್ ಖಚಿತವಾಗಿ ಹೇಳುತ್ತಾರೆ. ನೀರು ಹೊಯ್ದವರು ಅವರೇ.